ಹಾಸಿಗೆ ಮೊದಲೋ, ಕಲಿಕೆ ಮೊದಲೋ? ನಿದ್ರಾ ಕೇಂದ್ರ ನಡೆಸುವವರಿಗೆ ಒಂದು ಹೋಲಿಕೆ

ರೋಗಿಗಳನ್ನು ರಾತ್ರಿ ಮಲಗಿಸಿ ನಿದ್ರೆಯ ತೊಂದರೆಗಳನ್ನು ಪರೀಕ್ಷಿಸುವ ನಿದ್ರಾ ಕೇಂದ್ರವೊಂದು ಕಾಲೂರಿ ಎರಡು ಮೂರು ವರ್ಷ ಕಳೆದ ಮೇಲೆ ಅದನ್ನು ನಡೆಸುವವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೈಯಲ್ಲಿ ಒಂದಿಷ್ಟು ಹಣ ಉಳಿದಿದೆ, ಅದನ್ನು ಯಾವುದಕ್ಕೆ ಹಾಕುವುದು? ಇನ್ನೆರಡು ಹಾಸಿಗೆಗೋ, ಮನೆಯಲ್ಲೇ ಪರೀಕ್ಷೆ ಮಾಡುವ ಯಂತ್ರಗಳಿಗೋ, ಮಾನ್ಯತೆ ಪಡೆಯುವುದಕ್ಕೋ, ಇಲ್ಲವೇ ಇರುವ ಸಿಬ್ಬಂದಿಯ ತರಬೇತಿಗೋ? ರಾತ್ರಿ ಪಾಳಿಯ ತಂತ್ರಜ್ಞನಾಗಿ ಹಲವು ವರ್ಷ ದುಡಿದು ಈಗ ಹೊಸಬರಿಗೆ ಕಲಿಸುತ್ತಿರುವವನು ನಾನು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಕೆ ಮೊದಲು, ಚಿಕಿತ್ಸೆ ಆರಂಭಿಸಿದವರ ಕೈ ಬಿಡದೆ ನೋಡಿಕೊಳ್ಳುವುದು ಎರಡನೆಯದು, ಮನೆ ಪರೀಕ್ಷೆ ಮೂರನೆಯದು, ಹಾಸಿಗೆ ಕೊನೆಗೆ. ಹೀಗೇಕೆ ಎಂಬುದನ್ನೂ ಈ ಕ್ರಮ ಯಾವಾಗ ಬದಲಾಗಬೇಕು ಎಂಬುದನ್ನೂ ಮುಂದೆ ಬರೆದಿದ್ದೇನೆ.

ಒಂದು ರಾತ್ರಿಯ ಮಾತು. ನಿಯಂತ್ರಣ ಕೊಠಡಿಯಲ್ಲಿ ಹೊಸದಾಗಿ ಸೇರಿದ ತಂತ್ರಜ್ಞೆ ಪರದೆಯ ಮುಂದೆ ಕುಳಿತಿದ್ದರು. ಎರಡೂವರೆಯ ಹೊತ್ತಿಗೆ ರೋಗಿಯ ಮೂಗಿನ ಒತ್ತಡದ ಗೆರೆ ಚಪ್ಪಟೆಯಾಯಿತು. ನಡುನಡುವೆ ಸ್ವಲ್ಪ ಮಿಸುಕಿ ಮತ್ತೆ ಚಪ್ಪಟೆ. ಅವರು ಪ್ರತಿ ಬಾರಿಯೂ ಉಸಿರು ನಿಂತಿತೆಂದು ಗುರುತು ಹಾಕುತ್ತಾ ಹೋದರು. ನಾನು ಹಿಂದೆ ನಿಂತು, "ಕೆಳಗಿನ ಗೆರೆ ನೋಡಿದಿರಾ?" ಎಂದು ಕೇಳಿದೆ. ಉಸಿರಿನ ಬಿಸಿಯನ್ನು ಅಳೆಯುವ ಥರ್ಮಿಸ್ಟರ್‌ನ ಗೆರೆ ಅಲೆ ಅಲೆಯಾಗಿ ಸಾಗುತ್ತಲೇ ಇತ್ತು. ಎದೆಯ ಪಟ್ಟಿ, ಹೊಟ್ಟೆಯ ಪಟ್ಟಿ ಎರಡೂ ಒಂದೇ ಲಯದಲ್ಲಿ ಏರಿಳಿಯುತ್ತಿದ್ದವು. ರಕ್ತದ ಆಮ್ಲಜನಕ ಶೇ. 96ರಿಂದ ಕದಲಿರಲಿಲ್ಲ. ಆ ಮನುಷ್ಯ ಮಗ್ಗುಲು ಬದಲಿಸಿ ಬಾಯಿಯಿಂದ ಉಸಿರಾಡುತ್ತಿದ್ದ, ಅಷ್ಟೆ. ಆ ಗುರುತುಗಳು ಹಾಗೆಯೇ ವರದಿಗೆ ಹೋಗಿದ್ದರೆ, ಸೌಮ್ಯ ತೊಂದರೆ ಇದ್ದವನ ಹಣೆಗೆ ತೀವ್ರ ಕಾಯಿಲೆಯ ಪಟ್ಟಿ ಅಂಟುತ್ತಿತ್ತು. ಇಂಥ ತಪ್ಪನ್ನು ಹೊಸ ಹಾಸಿಗೆ ಹಿಡಿಯುವುದಿಲ್ಲ, ದುಬಾರಿ ಯಂತ್ರವೂ ಹಿಡಿಯುವುದಿಲ್ಲ. ಪಳಗಿದ ಕಣ್ಣು ಮಾತ್ರ ಹಿಡಿಯುತ್ತದೆ.

ತಂತ್ರಜ್ಞರ ಕಲಿಕೆ: ಮೂರು ದಾರಿ

ಮೊದಲನೆಯದು ಹಳೆಯ ದಾರಿ, ಅನುಭವಿಗಳ ಪಕ್ಕದಲ್ಲಿ ಕೂತು ಕಲಿಯುವುದು. ತಲೆಯನ್ನು ಅಳತೆ ಪಟ್ಟಿಯಿಂದ ಅಳೆದು 10-20 ಎಂಬ ಸ್ಥಾನ ಗುರುತಿಸುವ ಪದ್ಧತಿಯಲ್ಲಿ ಮಿದುಳಿನ ಅಲೆ ಹಿಡಿಯುವ ಎಲೆಕ್ಟ್ರೋಡ್ ಕೂರಿಸುವುದು, ಚರ್ಮವನ್ನು ಹದವಾಗಿ ಉಜ್ಜಿ ವಿದ್ಯುತ್ ತಡೆಯನ್ನು 5 ಕಿಲೋಓಮ್‌ಗಿಂತ ಕೆಳಗೆ ತರುವುದು, ತಂತಿಗಳ ಗೊಂಚಲು ನೋಡಿ ಗಾಬರಿಯಾದ ಮಗುವನ್ನು ಸಮಾಧಾನಪಡಿಸಿ ಮಲಗಿಸುವುದು: ಇವನ್ನು ಪುಸ್ತಕದಿಂದ ಕಲಿತವರನ್ನು ನಾನು ಕಂಡಿಲ್ಲ. ಕೈಗೆ ಕೈ ತಾಗಿಯೇ ಬರಬೇಕಾದ ವಿದ್ಯೆ ಇದು. ಖರ್ಚೂ ಕಡಿಮೆ. ಆದರೆ ಈ ದಾರಿಯಲ್ಲಿ ಒಂದು ದೊಡ್ಡ ಅಪಾಯವಿದೆ. ಕಲಿಸುವವರ ತಪ್ಪು ಕಲಿಯುವವರಿಗೂ ಬಳುವಳಿಯಾಗಿ ಬರುತ್ತದೆ. ಒಂದೇ ಕೇಂದ್ರದಲ್ಲಿ ಹತ್ತು ವರ್ಷ ಒಬ್ಬರೇ ಎಲ್ಲರಿಗೂ ಕಲಿಸಿದ್ದರೆ, ಆ ಕೇಂದ್ರದ ಎಲ್ಲ ವರದಿಗಳೂ ಒಂದೇ ಕಡೆಗೆ ವಾಲಿರುತ್ತವೆ. ಒಳಗಿರುವ ಯಾರಿಗೂ ಅದು ಗೊತ್ತಾಗುವುದಿಲ್ಲ.

ಎರಡನೆಯದು ಆನ್‌ಲೈನ್ ಪಾಠಗಳು. ಪಾಳಿಯಲ್ಲಿ ದುಡಿಯುವವರಿಗೆ ಇದು ವರದಾನ. ನಿದ್ರೆಯ ಹಂತಗಳು, ಹೃದಯದ ಲಯದ ಏರುಪೇರು, ಔಷಧಗಳು ನಿದ್ರೆಯ ಮೇಲೆ ಮಾಡುವ ಪರಿಣಾಮ, ಸೋಂಕು ತಡೆಯುವ ಕ್ರಮ ಇಂಥ ವಿಷಯಗಳಿಗೆ ತರಗತಿಯಷ್ಟೇ ಚೆನ್ನಾಗಿ ಒದಗುತ್ತದೆ. ಆದರೆ ಪಾಠ ಮುಗಿಸಿದ ಪ್ರಮಾಣಪತ್ರವನ್ನು ನೋಡಿ ಯಾರನ್ನೂ ಒಬ್ಬರೇ ರಾತ್ರಿ ಪಾಳಿಗೆ ಬಿಡಬೇಡಿ.

ಮೂರನೆಯದು ಮಾನ್ಯತೆ ಪಡೆದ ಪರೀಕ್ಷೆ ಬರೆಸುವುದು. ತಂತ್ರಜ್ಞರಿಗೆ ಅನೇಕ ದೇಶಗಳಲ್ಲಿ ಗುರುತಿರುವುದು ಆರ್‌ಪಿಎಸ್‌ಜಿಟಿ ಎಂಬ ಅರ್ಹತೆ. ಸುಮ್ಮನೆ ಶುಲ್ಕ ಕಟ್ಟಿ ಕೂರಲು ಬರುವುದಿಲ್ಲ, ನಿಗದಿತ ಅನುಭವ ಅಥವಾ ತರಬೇತಿ ಇರಬೇಕು. ಪಡೆದ ಮೇಲೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಾಗಾಗಿ ಕಲಿಕೆ ನಿಲ್ಲುವುದಿಲ್ಲ. ಯುರೋಪಿನ ನಿದ್ರಾ ಸಂಶೋಧನಾ ಸಂಘವೂ ವೈದ್ಯರಿಗೆ ಮತ್ತು ತಂತ್ರಜ್ಞರಿಗೆ ಬೇರೆ ಬೇರೆ ಪರೀಕ್ಷೆ ನಡೆಸುತ್ತದೆ. ಅರ್ಹತೆ ಪಡೆದವರು ಕೆಲಸ ಬಿಟ್ಟು ಹೋಗುತ್ತಾರೆ ಎಂಬುದು ಮಾಲೀಕರ ಅಂಜಿಕೆ. ಹೋಗುವವರು ಹೋಗುತ್ತಾರೆ, ನಿಜ. ಆದರೆ ಕಲಿಯಲು ಏನೂ ಇಲ್ಲದ ಕಡೆಯಿಂದ ಒಳ್ಳೆಯವರು ಇನ್ನೂ ಬೇಗ ಹೋಗುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶುಲ್ಕವನ್ನು ಕೇಂದ್ರ ಭರಿಸಿ, ಪಾಸಾದ ಮೇಲೆ ಸಂಬಳ ಮತ್ತು ಹೊಣೆ ಎರಡನ್ನೂ ಹೆಚ್ಚಿಸಿದರೆ ಬಹುಪಾಲು ಜನ ಉಳಿಯುತ್ತಾರೆ.

ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಆರಿಸುವುದಿಲ್ಲ. ಮೊದಲ ಆರು ತಿಂಗಳು ಪಕ್ಕದಲ್ಲಿ ಕೂರಿಸಿ ಕಲಿಸಿ, ಅದರ ಜೊತೆಗೇ ಆನ್‌ಲೈನ್ ಪಾಠ ಓದಿಸಿ, ಪರೀಕ್ಷೆಗೆ ಬೇಕಾದ ಅನುಭವ ಕೂಡಿದ ಕೂಡಲೇ ಬರೆಸಿ. ಚಿಕ್ಕ ಕೇಂದ್ರವಾದರೆ ಕನಿಷ್ಠ ಒಬ್ಬರಾದರೂ ಈ ಅರ್ಹತೆ ಪಡೆದಿರಲಿ, ಉಳಿದವರಿಗೆ ಅವರೇ ಅಳತೆಗೋಲಾಗುತ್ತಾರೆ.

ವೈದ್ಯರ ವಿಷಯ ಚುಟುಕಾಗಿ ಹೇಳಿದರೆ ಸಾಕು. ನಿದ್ರಾ ವೈದ್ಯಕೀಯಕ್ಕೆ ಶ್ವಾಸಕೋಶ, ನರರೋಗ, ಮನೋರೋಗ, ಕಿವಿ-ಮೂಗು-ಗಂಟಲು, ಮಕ್ಕಳ ವಿಭಾಗ ಹೀಗೆ ಹಲವು ಕಡೆಯಿಂದ ವೈದ್ಯರು ಬರುತ್ತಾರೆ. ಅಮೆರಿಕದಲ್ಲಿ ಹಲವು ವೈದ್ಯಕೀಯ ಮಂಡಳಿಗಳು ಒಟ್ಟಾಗಿ 2007ರಿಂದ ಇದಕ್ಕೆ ಪ್ರತ್ಯೇಕ ಪರೀಕ್ಷೆ ನಡೆಸುತ್ತಿವೆ, ಒಂದು ವರ್ಷದ ಫೆಲೋಶಿಪ್ ಅಲ್ಲಿನ ರಾಜಮಾರ್ಗ. ಕೇಂದ್ರದ ಮುಖ್ಯ ವೈದ್ಯರಿಗೆ ಫೆಲೋಶಿಪ್‌ಗೆ ಸಮನಾದ ತರಬೇತಿ ಇರಲೇಬೇಕು. ವಾರಾಂತ್ಯದ ಕೋರ್ಸ್ ಮತ್ತು ಸಮ್ಮೇಳನಗಳು ತಿಳಿದವರ ತಿಳಿವಳಿಕೆಯನ್ನು ಹೊಸದಾಗಿಡುತ್ತವೆಯೇ ಹೊರತು ಬುನಾದಿ ಹಾಕುವುದಿಲ್ಲ. ಇನ್ನೊಂದು ಮಾತು: ವೈದ್ಯರು ಯಾವ ವಿಭಾಗದಿಂದ ಬಂದವರೋ ಕೇಂದ್ರದ ಕಣ್ಣು ಆ ಕಡೆಗೇ ಹರಿಯುತ್ತದೆ. ಶ್ವಾಸಕೋಶ ತಜ್ಞರು ನಡೆಸುವ ಕೇಂದ್ರದಲ್ಲಿ ನಿದ್ರಾಹೀನತೆಯ ರೋಗಿ ಮೂಲೆಗೆ ಸರಿಯಬಹುದು. ಯಾವ ವಿಷಯದಲ್ಲಿ ಕೊರತೆ ಇದೆಯೋ ಆ ತರಬೇತಿಯನ್ನೇ ಹುಡುಕಿಕೊಂಡು ಹೋಗಬೇಕು.

ಸ್ಕೋರಿಂಗ್ ಯಾರು ಮಾಡಬೇಕು?

ಒಂದು ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಣುಕುಗಳಾಗಿ ನೋಡುತ್ತೇವೆ. ಎಂಟು ಗಂಟೆಗೆ 960 ತುಣುಕು. ಪ್ರತಿಯೊಂದಕ್ಕೂ ಎಚ್ಚರ, ಎನ್1, ಎನ್2, ಎನ್3 (ಹಗುರದಿಂದ ಗಾಢಕ್ಕೆ ಸಾಗುವ ನಿದ್ರೆ), ಆರ್ (ಕನಸಿನ ನಿದ್ರೆ) ಎಂದು ಹಂತ ಕೊಡಬೇಕು, ಉಸಿರಿನ ಅಡಚಣೆ, ಕಾಲಿನ ಚಲನೆ, ಕ್ಷಣದ ಎಚ್ಚರಗಳನ್ನು ಗುರುತಿಸಬೇಕು. ಸ್ಕೋರಿಂಗ್ ಎನ್ನುವ ಈ ಕೆಲಸಕ್ಕೆ ಈಗ ಮೂರು ಆಯ್ಕೆ ಇವೆ: ಸ್ವಂತ ಸಿಬ್ಬಂದಿ, ಹೊರಗಿನ ಸ್ಕೋರಿಂಗ್ ಸೇವೆ, ತಂತ್ರಾಂಶದ ಸ್ವಯಂಚಾಲಿತ ಸ್ಕೋರಿಂಗ್.

ನುರಿತವರಲ್ಲೂ ಭಿನ್ನಾಭಿಪ್ರಾಯ ಎಷ್ಟಿರುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಆಯ್ಕೆ ಸುಲಭವಾಗುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ನಡೆಸುವ ತಾಳೆ ನೋಡುವ ಕಾರ್ಯಕ್ರಮದ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಹಂತಗಳ ಬಗ್ಗೆ ಒಟ್ಟು ಸಹಮತ ಸುಮಾರು ಶೇ. 83 ಇತ್ತು. ಆರ್ ಹಂತದಲ್ಲಿ ಅದು ಶೇ. 90ರ ಆಸುಪಾಸು, ಎನ್1ನಲ್ಲಿ ಬರೀ ಶೇ. 63. ಎಚ್ಚರ ಮತ್ತು ನಿದ್ರೆಯ ಹೊಸ್ತಿಲಲ್ಲಿರುವ ತುಣುಕನ್ನು ಇಬ್ಬರು ಎರಡು ರೀತಿ ನೋಡುವುದು ಸಹಜ. ಆದರೆ ನಿಮ್ಮ ಕೇಂದ್ರದ ಅಂಕಿ ಇದಕ್ಕಿಂತ ಎಷ್ಟು ಕೆಳಗಿದೆ ಎಂಬುದು ನಿಮಗೆ ತಿಳಿದಿರಬೇಕು.

ಹೊರಗಿನ ಸೇವೆ ಚುರುಕಾಗಿರುತ್ತದೆ, ಬೆಳಿಗ್ಗೆ ಕಳುಹಿಸಿದ್ದು ಸಂಜೆಗೆ ಸಿದ್ಧ. ರೋಗಿಗಳು ಒಮ್ಮೆಲೇ ಹೆಚ್ಚಾದಾಗ ಕೈ ಹಿಡಿಯುತ್ತದೆ. ತೊಂದರೆ ಏನೆಂದರೆ, ಆ ರಾತ್ರಿ ಕೊಠಡಿಯಲ್ಲಿ ಏನಾಯಿತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ತಂತ್ರಜ್ಞರು ಬರೆದಿಟ್ಟ ಟಿಪ್ಪಣಿ ಬಡವಾಗಿದ್ದರೆ ಸ್ಕೋರಿಂಗೂ ಬಡವಾಗುತ್ತದೆ. ಸ್ವಂತ ಸಿಬ್ಬಂದಿ ಸ್ಕೋರ್ ಮಾಡುವುದನ್ನೇ ಮರೆತುಬಿಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ನಷ್ಟ. ಸ್ಕೋರ್ ಮಾಡಲು ಬಾರದವರು ರಾತ್ರಿ ಪರದೆಯನ್ನು ನೋಡುತ್ತಾರೆ, ಓದುವುದಿಲ್ಲ.

ಸ್ವಯಂಚಾಲಿತ ತಂತ್ರಾಂಶಗಳು ಈಚೆಗೆ ಬಹಳ ಸುಧಾರಿಸಿವೆ. ಶುಭ್ರವಾದ ದಾಖಲೆಯಲ್ಲಿ ಅವು ಮನುಷ್ಯರ ಸಮಕ್ಕೆ ನಿಲ್ಲುತ್ತವೆ. ಮೊದಲ ಕರಡು ಅವು ಮಾಡಲಿ, ಆದರೆ ಸಹಿ ಮಾಡುವ ಮುನ್ನ ಮನುಷ್ಯರು ಪ್ರತಿ ತುಣುಕನ್ನೂ ನೋಡಲೇಬೇಕು. ಎಲೆಕ್ಟ್ರೋಡ್ ಸಡಿಲವಾದ ರಾತ್ರಿ, ಪಾರ್ಕಿನ್ಸನ್ ರೋಗಿಯ ರಾತ್ರಿ, ನಿದ್ರೆಯ ಅಲೆಗಳನ್ನೇ ಬದಲಿಸುವ ಔಷಧ ಸೇವಿಸುತ್ತಿರುವವರ ರಾತ್ರಿ ತಂತ್ರಾಂಶ ದಾರಿ ತಪ್ಪುತ್ತದೆ.

ನನ್ನ ಆಯ್ಕೆ ಸ್ವಂತ ಸಿಬ್ಬಂದಿ, ಜೊತೆಗೆ ತಿಂಗಳಿಗೊಂದು ತಾಳೆ. ಒಂದೇ ದಾಖಲೆಯನ್ನು ಎಲ್ಲರೂ ಬೇರೆ ಬೇರೆ ಕೂತು ಸ್ಕೋರ್ ಮಾಡುವುದು, ಆಮೇಲೆ ಒಟ್ಟಿಗೆ ಕೂತು ಎಲ್ಲೆಲ್ಲಿ ಬೇರೆಯಾದೆವು ಎಂದು ನೋಡುವುದು. ಇದಕ್ಕೆ ಖರ್ಚಿಲ್ಲ, ಎರಡು ಗಂಟೆ ಬೇಕು ಅಷ್ಟೆ. ನಾನು ಕಂಡ ತರಬೇತಿಗಳಲ್ಲೆಲ್ಲ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಹಾಗೆ ಕೂತಾಗ ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಉಸಿರಾಟ ತಗ್ಗಿದ್ದನ್ನು ಎಣಿಸುವಾಗ ಆಮ್ಲಜನಕ ಶೇ. 3ರಷ್ಟು ಇಳಿದರೆ ಅಥವಾ ಕ್ಷಣದ ಎಚ್ಚರ ಬಂದರೆ ಸಾಕೋ, ಶೇ. 4 ಇಳಿಯಲೇಬೇಕೋ? ಎರಡೂ ನಿಯಮಗಳು ಬಳಕೆಯಲ್ಲಿವೆ. ಒಂದೇ ರೋಗಿಯ ಅಂಕಿ ಎರಡರಲ್ಲಿ ಬೇರೆ ಬೇರೆ ಬರುತ್ತದೆ. ಯಾವುದನ್ನು ಬಳಸಿದಿರಿ ಎಂಬುದು ಪ್ರತಿ ವರದಿಯಲ್ಲೂ ಬರೆದಿರಲಿ.

ಬೆಳವಣಿಗೆಯ ದಾರಿಗಳು

*ಹಾಸಿಗೆ ಹೆಚ್ಚಿಸುವುದು.* ಕಣ್ಣಿಗೆ ಕಾಣುವ ಬೆಳವಣಿಗೆ ಎಂದರೆ ಇದೇ, ಅದಕ್ಕೇ ಎಲ್ಲರ ಮನಸ್ಸು ಮೊದಲು ಇತ್ತ ಹೋಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ರಾತ್ರಿ ಪೂರ್ತಿ ಕಣ್ಣಿಟ್ಟು ನೋಡುವ ಪರೀಕ್ಷೆಯಲ್ಲಿ ಒಬ್ಬ ತಂತ್ರಜ್ಞರಿಗೆ ಇಬ್ಬರು ರೋಗಿಗಳು ಎಂಬುದು ರೂಢಿಯ ಮಿತಿ. ಎರಡು ಹಾಸಿಗೆ ಹೆಚ್ಚಿಸಿದರೆ ಪ್ರತಿ ರಾತ್ರಿಗೂ ಇನ್ನೊಬ್ಬರು ಬೇಕು. ರಜೆ, ಅನಾರೋಗ್ಯ, ವಾರದ ಬಿಡುವು ಸೇರಿಸಿದರೆ ಒಬ್ಬರಲ್ಲ, ಇಬ್ಬರು ಬೇಕು. ಅವರು ಪಳಗಲು ತಿಂಗಳುಗಳು ಹಿಡಿಯುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಿದ್ರಾ ಕೇಂದ್ರದಲ್ಲಿ ಕಾಲು ಇದ್ದಷ್ಟೇ ಹಾಸಿಗೆ ಹಾಕಬೇಕು, ತಂತ್ರಜ್ಞರೇ ಆ ಕಾಲು. ಹಾಸಿಗೆ ನಿಜವಾಗಿ ಬೇಕಾಗುವುದು ಸಂಕೀರ್ಣ ರೋಗಿಗಳ ಸರತಿ ಬೆಳೆದಾಗ: ಮಕ್ಕಳು, ಹೃದಯ ವೈಫಲ್ಯ ಇರುವವರು, ನಿದ್ರೆಯಲ್ಲಿ ಎದ್ದು ಓಡಾಡುವವರು, ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದ ನಿದ್ರೆ ಬರುವ ಕಾಯಿಲೆ) ಶಂಕೆ ಇರುವವರು. ಕೊನೆಯವರಿಗೆ ರಾತ್ರಿಯ ಪರೀಕ್ಷೆಯ ಮಾರನೆಯ ಹಗಲು ಎರಡು ಗಂಟೆಗೊಮ್ಮೆ ಐದು ಕಿರುನಿದ್ರೆಗಳ ಪರೀಕ್ಷೆಯೂ ಆಗಬೇಕು. ಅಂದರೆ ಹಗಲು ಪಾಳಿಗೂ ಜನ ಬೇಕು.

*ಮನೆ ಪರೀಕ್ಷೆ.* ತೊಂದರೆ ಸ್ಲೀಪ್ ಅಪ್ನಿಯಾ (ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ) ಎಂದು ಬಲವಾದ ಅನುಮಾನವಿದ್ದು, ಬೇರೆ ಗಂಭೀರ ಕಾಯಿಲೆ ಇಲ್ಲದ ವಯಸ್ಕರಿಗೆ ಇದು ಒಳ್ಳೆಯದು. ಸರತಿ ಕರಗುತ್ತದೆ, ರೋಗಿ ತನ್ನ ಹಾಸಿಗೆಯಲ್ಲೇ ಮಲಗುತ್ತಾನೆ. ಆದರೆ ಇದರ ಮಿತಿಯನ್ನು ವೈದ್ಯರಿಗೂ ಸಿಬ್ಬಂದಿಗೂ ಅಂಕಿಯಲ್ಲೇ ತೋರಿಸಬೇಕು. ಒಬ್ಬರಿಗೆ ರಾತ್ರಿಯಲ್ಲಿ 90 ಬಾರಿ ಉಸಿರಾಟದ ಅಡಚಣೆ ಆಯಿತು, ನಿದ್ರಿಸಿದ್ದು ಆರು ಗಂಟೆ ಎಂದುಕೊಳ್ಳಿ. ಗಂಟೆಗೆ 15, ಅಂದರೆ ಮಧ್ಯಮ ತೀವ್ರತೆ. ಅದೇ ವ್ಯಕ್ತಿ ಮನೆಯಲ್ಲಿ ಎಂಟು ಗಂಟೆ ಯಂತ್ರ ಕಟ್ಟಿಕೊಂಡಿದ್ದರೆ, ಮಿದುಳಿನ ಅಲೆ ದಾಖಲಿಸದ ಯಂತ್ರಕ್ಕೆ ನಿದ್ರೆ ಯಾವುದು ಎಚ್ಚರ ಯಾವುದು ತಿಳಿಯದು. ಅದು 90ನ್ನು ಎಂಟರಿಂದ ಭಾಗಿಸುತ್ತದೆ. ಗಂಟೆಗೆ 11 ಚಿಲ್ಲರೆ, ಸೌಮ್ಯ ತೊಂದರೆ. ಕ್ಷಣದ ಎಚ್ಚರದಿಂದ ಮಾತ್ರ ಗೊತ್ತಾಗುವ ಅಡಚಣೆಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಲಕ್ಷಣ ಇದ್ದೂ ಮನೆ ಪರೀಕ್ಷೆಯಲ್ಲಿ ಏನೂ ಸಿಗದವರನ್ನು ಕೇಂದ್ರಕ್ಕೆ ಕರೆಸಿ ಪೂರ್ಣ ಪರೀಕ್ಷೆ ಮಾಡಬೇಕು. ಪಾರ್ಶ್ವವಾಯು ಆದವರು, ಸ್ನಾಯು ದೌರ್ಬಲ್ಯ ಇರುವವರು, ಓಪಿಯಾಯ್ಡ್ (ಬಲವಾದ ನೋವುನಿವಾರಕ) ಔಷಧ ಸೇವಿಸುವವರು, ತೀವ್ರ ನಿದ್ರಾಹೀನತೆ ಇರುವವರಿಗೆ ಮನೆ ಪರೀಕ್ಷೆ ಕೊಡಲೇಬಾರದು. ಈ ವಿಂಗಡಣೆ ಮಾಡುವವರು ಫೋನ್ ಎತ್ತುವ ಸಿಬ್ಬಂದಿ. ಅವರಿಗೂ ತರಬೇತಿ ಬೇಕು ಎಂಬುದು ಬಹಳ ಕೇಂದ್ರಗಳಿಗೆ ಹೊಳೆಯುವುದೇ ಇಲ್ಲ.

*ಚಿಕಿತ್ಸೆಯ ನಂತರದ ಆರೈಕೆ.* ನನ್ನ ಪ್ರಕಾರ ಕೇಂದ್ರದ ಹೆಸರು ಉಳಿಯುವುದೂ ಅಳಿಯುವುದೂ ಇಲ್ಲೇ. ಕಾಲಿನ್ ಸಲಿವನ್ 1981ರಲ್ಲಿ ಸಿಪ್ಯಾಪ್ ಚಿಕಿತ್ಸೆಯನ್ನು (ಮಲಗಿದಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವುದು) ಪ್ರಕಟಿಸಿ ನಲವತ್ತು ವರ್ಷ ದಾಟಿದರೂ ಅದರ ದೊಡ್ಡ ಶತ್ರು ಬದಲಾಗಿಲ್ಲ: ರೋಗಿ ಅದನ್ನು ತೆಗೆದು ಪಕ್ಕಕ್ಕಿಡುವುದು. ಮೊದಲ ಕೆಲವು ದಿನಗಳ ಬಳಕೆ ಹೇಗಿದೆಯೋ ಮುಂದಿನ ತಿಂಗಳುಗಳೂ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತವೆ. ಆದರೂ ಎಷ್ಟೋ ಕಡೆ ರೋಗಿಯನ್ನು ಮತ್ತೆ ಮಾತಾಡಿಸುವುದು ತಿಂಗಳ ನಂತರ. ಅಷ್ಟರಲ್ಲಿ ಯಂತ್ರ ಕಪಾಟು ಸೇರಿರುತ್ತದೆ.

ಮೂರನೆಯ ದಿನ ಒಂದು ಫೋನ್ ಮಾಡಿ. ನಾನು ಹೀಗೆ ಮಾತಾಡಿಸಿದ ಹೆಂಗಸೊಬ್ಬರು, "ಯಂತ್ರ ಚೆನ್ನಾಗಿದೆ, ಆದರೆ ಕಣ್ಣು ಉರಿಯುತ್ತದೆ" ಎಂದರು. ಕಣ್ಣಿನ ತೊಂದರೆ ಎಂದುಕೊಂಡು ಹನಿ ಔಷಧ ಹಾಕುತ್ತಿದ್ದರಂತೆ. ಕರೆಸಿ, ಮಲಗಿಸಿ, ಒತ್ತಡ ಬಿಟ್ಟು ಮಾಸ್ಕ್ ಮೇಲೆ ಕೈಯಾಡಿಸಿದೆ. ಮೂಗಿನ ಬೇರಿನ ಬಳಿ ಗಾಳಿ ಸೋರಿ ನೇರ ಕಣ್ಣಿಗೆ ಬಡಿಯುತ್ತಿತ್ತು. ಅವರು ಸೋರಿಕೆ ತಡೆಯಲು ಪಟ್ಟಿಯನ್ನು ದಿನದಿನಕ್ಕೆ ಬಿಗಿ ಮಾಡಿಕೊಂಡಿದ್ದರು, ಬಿಗಿದಷ್ಟೂ ಮೆತ್ತೆ ಸುಕ್ಕಾಗಿ ಇನ್ನಷ್ಟು ಸೋರುತ್ತಿತ್ತು. ಒಂದು ಅಳತೆ ಚಿಕ್ಕ ಮಾಸ್ಕ್ ಕೊಟ್ಟು, ಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಸಡಿಲಿಸಿದೆ. ಹತ್ತು ನಿಮಿಷದ ಕೆಲಸ. ಅವರನ್ನು ಕಳುಹಿಸಿದ್ದ ವೈದ್ಯರು ಆಮೇಲೆ ತಮ್ಮ ಬೇರೆ ರೋಗಿಗಳನ್ನೂ ನಮ್ಮಲ್ಲಿಗೇ ಕಳುಹಿಸಲು ಶುರು ಮಾಡಿದರು.

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸತತ 30 ದಿನಗಳಲ್ಲಿ ಶೇ. 70ರಷ್ಟು ರಾತ್ರಿ, ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ ಬಳಸಿದರೆ ಅದನ್ನು ನಿಯಮಿತ ಬಳಕೆ ಎಂದು ಪರಿಗಣಿಸುತ್ತದೆ. ಬೇರೆಡೆಯ ಕೇಂದ್ರಗಳೂ ಇದನ್ನು ಅಳತೆಯಾಗಿ ಇಟ್ಟುಕೊಳ್ಳಬಹುದು, ಆದರೆ ನಾಲ್ಕು ಗಂಟೆ ಗುರಿಯಲ್ಲ, ಕನಿಷ್ಠ. ಈ ಕೆಲಸಕ್ಕೆ ಒಬ್ಬರನ್ನು ಮೀಸಲಿಡುವುದಾದರೆ ಅವರಿಗೆ ಸಿಸಿಎಸ್‌ಎಚ್ ಎಂಬ ಪ್ರತ್ಯೇಕ ಅರ್ಹತೆ ಇದೆ. ರಾತ್ರಿ ಪಾಳಿ ಮಾಡಿ ದಣಿದ ಹಿರಿಯ ತಂತ್ರಜ್ಞರಿಗೆ ಇದು ಹಗಲಿನ ಕೆಲಸಕ್ಕೆ ಗೌರವದ ದಾರಿಯೂ ಹೌದು. ಅವರ ಅನುಭವ ಕೇಂದ್ರದಲ್ಲೇ ಉಳಿಯುತ್ತದೆ.

*ನಿದ್ರಾಹೀನತೆಯ ಚಿಕಿತ್ಸೆ.* ಗೊರಕೆಯ ಆಚೆಗೂ ಬೆಳೆಯಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಎಂಬ ಮಾತು-ಅಭ್ಯಾಸದ ಚಿಕಿತ್ಸೆ ಕೊಡಬೇಕೆಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೇಳಿತು, ಮರುವರ್ಷ ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳಿತು. ಇದಕ್ಕೆ ಹಾಸಿಗೆ ಬೇಡ, ಯಂತ್ರ ಬೇಡ. ನಿದ್ರೆಯ ದಿನಚರಿ ಬರೆಸಿ, ಆರೆಂಟು ಬಾರಿ ಕೂತು ಮಾತಾಡುವ ತರಬೇತಾದ ಒಬ್ಬ ಮನಶ್ಶಾಸ್ತ್ರಜ್ಞರು ಬೇಕು. ಅಪ್ನಿಯಾ ಜೊತೆಗೆ ನಿದ್ರಾಹೀನತೆಯೂ ಇರುವವರು ಮಾಸ್ಕ್ ಬಿಡುವುದು ಹೆಚ್ಚು, ಹಾಗಾಗಿ ಈ ಸೇವೆ ಮೇಲಿನ ಆರೈಕೆಗೂ ಬಲ ಕೊಡುತ್ತದೆ. ತರಬೇತಾದ ಚಿಕಿತ್ಸಕರು ಎಲ್ಲ ಕಡೆಯೂ ವಿರಳ, ತೊಡಕು ಅದೊಂದೇ.

*ಮಾನ್ಯತೆ.* ನಿದ್ರಾ ಕೇಂದ್ರಗಳಿಗೆ ಮಾನ್ಯತೆ ಕೊಡುವ ಪದ್ಧತಿ 1977ರಷ್ಟು ಹಳೆಯದು. ಗೋಡೆಯ ಮೇಲಿನ ಪ್ರಮಾಣಪತ್ರಕ್ಕಿಂತ ಅದಕ್ಕಾಗಿ ಮಾಡಿಕೊಳ್ಳುವ ಸಿದ್ಧತೆಯೇ ದೊಡ್ಡ ಲಾಭ: ಲಿಖಿತ ಕಾರ್ಯವಿಧಾನ, ತುರ್ತು ಸಂದರ್ಭದ ಅಣಕು ಅಭ್ಯಾಸ, ಸ್ಕೋರಿಂಗ್ ತಾಳೆ, ಗುಣಮಟ್ಟದ ದಾಖಲೆ. ಮೇಲೆ ಹೇಳಿದ ಕಲಿಕೆಯ ಕೆಲಸ ಒಂದು ವರ್ಷ ನಡೆದಿದ್ದರೆ ಅರ್ಧ ಸಿದ್ಧತೆ ಆಗಿಯೇ ಹೋಗಿರುತ್ತದೆ. ಅದಕ್ಕೆ ಮುನ್ನ ಅರ್ಜಿ ಹಾಕಿದರೆ ಕಾಗದಗಳಷ್ಟೇ ಬೆಳೆಯುತ್ತವೆ.

ರೋಗಿಗಳನ್ನು ಕಳುಹಿಸುವ ವೈದ್ಯರ ಬಗ್ಗೆ ಒಂದೇ ಮಾತು. ಜಾಹೀರಾತಿಗಿಂತ ಓದಲು ಬರುವ ವರದಿ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಐದು ಸಾಲಿನಲ್ಲಿ ಏನಿದೆ, ಎಷ್ಟು ತೀವ್ರ, ಮುಂದೇನು ಎಂಬುದು ಇರಲಿ, ಅಂಕಿಗಳ ರಾಶಿ ಆಮೇಲೆ ಬರಲಿ.

ಯಾರಿಗೆ ಯಾವುದು

ಎರಡು ಹಾಸಿಗೆಯ ಹೊಸ ಕೇಂದ್ರವಾದರೆ ಮೊದಲ ವರ್ಷ ಹಣವನ್ನೆಲ್ಲ ಇಬ್ಬರು ತಂತ್ರಜ್ಞರ ತರಬೇತಿಗೂ ಮೂರನೆಯ ದಿನದ ಫೋನ್ ಕರೆಗೂ ಹಾಕಿ. ಆಸ್ಪತ್ರೆಯೊಳಗಿನ ಕೇಂದ್ರಕ್ಕೆ ಕಷ್ಟದ ರೋಗಿಗಳೇ ಹೆಚ್ಚು ಬರುತ್ತಾರೆ. ಅಲ್ಲಿ ಮನೆ ಪರೀಕ್ಷೆಯಿಂದ ಸಿಗುವ ಉಪಯೋಗ ಕಡಿಮೆ, ಹಾಸಿಗೆ ಮತ್ತು ಮಕ್ಕಳ ಪರೀಕ್ಷೆಯ ತರಬೇತಿ ಮೊದಲು ಬರಬೇಕು. ನನ್ನ ಕ್ರಮ ತಲೆಕೆಳಗಾಗುವುದು ಇಲ್ಲಿ ಮಾತ್ರ. ಸರತಿ ಎರಡು ತಿಂಗಳು ದಾಟಿದ, ಗೊರಕೆಯ ವಯಸ್ಕರೇ ತುಂಬಿರುವ ಸ್ವತಂತ್ರ ಕೇಂದ್ರಕ್ಕೆ ಮನೆ ಪರೀಕ್ಷೆಯೇ ಸರಿ, ವಿಂಗಡಣೆಯ ತರಬೇತಿ ಮುಗಿದ ಮರುದಿನದಿಂದ.

ನಿಮ್ಮದು ಇವುಗಳಲ್ಲಿ ಯಾವುದು ಎಂದು ಖಚಿತವಿಲ್ಲದಿದ್ದರೆ ಕಳೆದ ಮೂರು ತಿಂಗಳ ದಾಖಲೆಯಿಂದ ನಾಲ್ಕು ಅಂಕಿ ತೆಗೆಯಿರಿ: ವೈದ್ಯರ ಚೀಟಿ ಬಂದ ದಿನದಿಂದ ಪರೀಕ್ಷೆಗೆ ಎಷ್ಟು ದಿನ, ಪರೀಕ್ಷೆಯಿಂದ ವರದಿಗೆ ಎಷ್ಟು ದಿನ, ದಾಖಲೆ ಕೆಟ್ಟು ಮತ್ತೆ ಮಾಡಬೇಕಾಗಿ ಬಂದ ಪರೀಕ್ಷೆಗಳೆಷ್ಟು, ಮಾಸ್ಕ್ ಪಡೆದವರಲ್ಲಿ ಈಗಲೂ ಹಾಕಿಕೊಳ್ಳುತ್ತಿರುವವರೆಷ್ಟು. ಮೊದಲನೆಯದು ಕೆಟ್ಟಿದ್ದರೆ ಮನೆ ಪರೀಕ್ಷೆ ಅಥವಾ ಹಾಸಿಗೆಯ ಮಾತಾಡಿ. ಎರಡನೆಯದು ಕೆಟ್ಟಿದ್ದರೆ ಸ್ಕೋರಿಂಗ್ ಕಡೆ ನೋಡಿ. ಮೂರನೆಯದು ಕೆಟ್ಟಿದ್ದರೆ ಇವತ್ತಿನ ರಾತ್ರಿ ಪಾಳಿಗೆ ನೀವೇ ಹೋಗಿ, ಎಲೆಕ್ಟ್ರೋಡ್ ಕೂರಿಸುವುದನ್ನು ಮೊದಲಿಂದ ಕೊನೆಯವರೆಗೆ ನಿಂತು ನೋಡಿ. ನಾಲ್ಕನೆಯ ಅಂಕಿಯನ್ನು ಕೊಡಲು ಕೇಂದ್ರದಲ್ಲಿ ಯಾರಿಗೂ ಆಗದಿದ್ದರೆ, ಇತ್ತೀಚೆಗೆ ಮಾಸ್ಕ್ ಪಡೆದ ಹತ್ತು ಜನರ ಪಟ್ಟಿ ತೆಗೆದುಕೊಂಡು ಫೋನ್ ಹಚ್ಚಿ.